ಬಿ.ಎಸ್ಸಿ. ಸ್ಟಾಟಿಸ್ಟಿಕ್ಸ್ ಓದಿ ಆರೋಗ್ಯ ಸಂಶೋಧನೆಗೆ ಹೋಗಬಹುದಾ?

ಮಡಿಕೇರಿಯಲ್ಲಿ ಬಿ.ಎಸ್ಸಿ. ಕೊನೆ ವರ್ಷ, ಸ್ಟಾಟಿಸ್ಟಿಕ್ಸ್ ಇಷ್ಟ, ಬ್ಯಾಂಕ್ ಪರೀಕ್ಷೆ ಬೇಡ, ಸಾರ್ವಜನಿಕ ಆರೋಗ್ಯದಲ್ಲಿ ಪಾಠ, ಸಂಶೋಧನೆ ಅಂತ ಬದುಕಬಹುದಾ ಎಂದು ಕೇಳಿದ್ದೀರಿ. ಧಾರಾಳವಾಗಿ. ನಾನು ಪೊನ್ನಂಪೇಟೆ ಕಡೆಯವಳು. ಈಗ ಒಂದು ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಬಯೋಸ್ಟಾಟಿಸ್ಟಿಕ್ಸ್, ಅಂದರೆ ಆರೋಗ್ಯ ಸಂಶೋಧನೆಗೆ ಬಳಸುವ ಸ್ಟಾಟಿಸ್ಟಿಕ್ಸ್, ಪಾಠ ಮಾಡುತ್ತೇನೆ.

ಬಯೋಸ್ಟಾಟಿಸ್ಟಿಕ್ಸ್ ಎಂ.ಎಸ್ಸಿ. ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲ, ವೆಲ್ಲೂರಿನ ಸಿಎಂಸಿಯಲ್ಲಿ ಇದೆ. ಸೀಟು ಕಡಿಮೆ. ಸಿಗದಿದ್ದರೆ ಸಾದಾ ಸ್ಟಾಟಿಸ್ಟಿಕ್ಸ್ ಎಂ.ಎಸ್ಸಿ. ಮಾಡಿ, ಪಿಎಚ್.ಡಿ.ಗೆ ಈ ಕಡೆ ಬನ್ನಿ. ಗಣಿತ ಗಟ್ಟಿಯಾಗಿರುತ್ತದೆ, ಅದು ಲಾಭವೇ.

ಇನ್ನು ಕೆಲಸ. ಥೀಸಿಸ್ ಕೊಡುವ ವಾರ ಪಿಜಿ ಡಾಕ್ಟರೊಬ್ಬರು ಪೆನ್‌ಡ್ರೈವ್ ಹಿಡಿದು ಬರುತ್ತಾರೆ. ಎಕ್ಸೆಲ್ ತೆರೆದರೆ ವಯಸ್ಸಿನ ಕಾಲಂನಲ್ಲಿ ಒಂದು ಕಡೆ 35, ಇನ್ನೊಂದು ಕಡೆ ‘35 ವರ್ಷ’, ಮತ್ತೊಂದು ಕಡೆ ಖಾಲಿ. ‘ಮೇಡಂ, ಒಂದು ಪಿ ವ್ಯಾಲ್ಯೂ ಹಾಕಿಕೊಡಿ.’ ನಿಜವಾಗಿ ವ್ಯತ್ಯಾಸವೇ ಇಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಾಧ್ಯತೆ ಎಷ್ಟು ಅಂತ ಹೇಳುವ ಅಂಕಿ ಅದು. ಇದಕ್ಕೆ ಸಿಕ್ಕಿಬಿದ್ದರೆ ನಿವೃತ್ತಿಯವರೆಗೂ ಇದೇ ಆಗುತ್ತದೆ, ಪೇಪರಿನಲ್ಲಿ ನಿಮ್ಮ ಹೆಸರು ಎಲ್ಲೋ ಮಧ್ಯದಲ್ಲಿ. ಡೇಟಾ ಬರುವ ಮೊದಲೇ, ಅಧ್ಯಯನ ರೂಪಿಸುವಾಗಲೇ ನೀವು ಒಳಗಿರಬೇಕು. ನಮ್ಮ ನಿಜವಾದ ಕೆಲಸ ಇರುವುದು ಅಲ್ಲಿ.

ನಮ್ಮೂರಿನದೇ ಉದಾಹರಣೆ ತಗೊಳ್ಳಿ. ಕಾಫಿ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕಾರ್ಮಿಕರ ಸಾಲು ಮನೆಗಳಲ್ಲಿ, ರಕ್ತಹೀನತೆ ಎಷ್ಟಿದೆ ಅಂತ ನೋಡಬೇಕು. ಪುಸ್ತಕದ ಲೆಕ್ಕದಲ್ಲಿ, 50 ಶೇಕಡಾ ಅಂದಾಜಿಗೆ 5 ಶೇಕಡಾ ಆಚೀಚೆ ಸಾಕು ಅಂದರೆ 384 ಜನ ಬೇಕು. ಆದರೆ ಒಂದು ಲೈನಿನವರು ಕುಡಿಯುವ ನೀರು ಒಂದೇ, ಕೂಲಿ ಒಂದೇ, ಊಟವೂ ಹೆಚ್ಚುಕಮ್ಮಿ ಒಂದೇ. ಅಲ್ಲಿ 20 ಜನರನ್ನು ನೋಡಿದರೆ 20 ಬೇರೆ ಬೇರೆ ಜನರನ್ನು ನೋಡಿದಷ್ಟು ಮಾಹಿತಿ ಸಿಗುವುದಿಲ್ಲ. ಅವರ ನಡುವಿನ ಹೋಲಿಕೆ (ಏನೂ ಹೋಲಿಕೆ ಇಲ್ಲದಿದ್ದರೆ 0, ಪೂರ್ತಿ ಒಂದೇ ಥರ ಇದ್ದರೆ 1) 0.05 ಅಂತಿಟ್ಟುಕೊಂಡರೂ, 20ರಲ್ಲಿ ಒಂದು ಕಳೆದ 19ನ್ನು 0.05ರಿಂದ ಗುಣಿಸಿ 1 ಸೇರಿಸಿದರೆ 1.95. ಅಷ್ಟು ಪಟ್ಟು ಜನ ಬೇಕು, ಅಂದರೆ 384 ಹೋಗಿ 749 ಆಯಿತು. ದುಡ್ಡು, ಜೀಪು, ನರ್ಸು ಎಲ್ಲವೂ ಹತ್ತಿರ ಹತ್ತಿರ ದುಪ್ಪಟ್ಟು. ಇದನ್ನು ಆಮೇಲೆ ಹೇಳಿದರೆ ಯಾರಿಗೆ ಉಪಯೋಗ?

ಅದಕ್ಕಿಂತ ದೊಡ್ಡ ಪಜೀತಿ ಕಾಲದ್ದು. ಕುಯ್ಲಿನ ಸಮಯಕ್ಕೆ ಹೊರಗಿನಿಂದ ಬಂದವರು ಲೈನ್ ತುಂಬಾ ಇರುತ್ತಾರೆ, ಮಳೆಗಾಲದಲ್ಲಿ ಅಷ್ಟು ಜನ ಇರುವುದಿಲ್ಲ. ಜನವರಿಯಲ್ಲಿ ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಿ. ಗಟ್ಟಿಮುಟ್ಟಾದವರೆಲ್ಲ ತೋಟದಲ್ಲಿ. ಸಿಗುವವರು ಮುದುಕರು, ಮಕ್ಕಳು, ಹುಷಾರಿಲ್ಲದೆ ರಜೆ ಹಾಕಿದವರು. ಇವರನ್ನಷ್ಟೇ ಅಳೆದು ಕಾಯಿಲೆ ಜಾಸ್ತಿ ಇದೆ ಅಂತ ಬರೆದರೆ ಯಾವ ಸಾಫ್ಟ್‌ವೇರೂ ಅದನ್ನು ಸರಿಮಾಡಲ್ಲ. ಸಂಜೆ ಹೋಗಬೇಕು ಅಂತ ತೋಟ ಕಂಡವರಿಗೆ ಗೊತ್ತಿರುತ್ತದೆ. ಈ ವಿಷಯದಲ್ಲಿ ನೀವು ದೆಹಲಿಯ ಪ್ರೊಫೆಸರಿಗಿಂತ ಮುಂದೆ!

ಊರಿಗೆ ವಾಪಸ್ ಬರಬಹುದಾ ಅನ್ನೋದು ಕಷ್ಟದ ಪ್ರಶ್ನೆ. ಮಡಿಕೇರಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜೇನೋ ಇದೆ. ಆದರೆ ಮೆಡಿಕಲ್ ಕಾಲೇಜುಗಳಲ್ಲಿ ಸ್ಟಾಟಿಸ್ಟಿಕ್ಸ್‌ನವರ ಹುದ್ದೆ ಬೆರಳೆಣಿಕೆಯಷ್ಟು. ಬೆಂಗಳೂರು, ಮಣಿಪಾಲ ಅಂತಲೇ ಲೆಕ್ಕ ಹಾಕಿಕೊಳ್ಳಿ.

ಸದ್ಯಕ್ಕೆ ಆರ್ (R) ಎಂಬ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್ ಕಲಿಯಿರಿ, ಪುಕ್ಕಟೆ ಸಿಗುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಕೊಡಗು ಜಿಲ್ಲೆಯ ಅಂಕಿಅಂಶಗಳ ಹಾಳೆಯನ್ನೂ (ಫ್ಯಾಕ್ಟ್ ಶೀಟ್) ಇಳಿಸಿಕೊಳ್ಳಿ. ಆ ಸಮೀಕ್ಷೆಯ ಹಾಳೆಗಳಲ್ಲಿ ಆವರಣದೊಳಗಿನ ಅಂಕಿ 25ರಿಂದ 49 ಜನರ ಮೇಲಷ್ಟೇ ನಿಂತದ್ದು. ನಕ್ಷತ್ರ ಹಾಕಿದ್ದರೆ 25ಕ್ಕಿಂತ ಕಡಿಮೆ ಜನ, ಅದಕ್ಕೇ ಅಂಕಿಯನ್ನೇ ಕೊಟ್ಟಿರುವುದಿಲ್ಲ. ಸಂದರ್ಶನದಲ್ಲಿ ಅಂಥ ಹಾಳೆ ಕೊಟ್ಟು ಓದಿಸಿದರೆ ಸುಮ್ನೆ ಕೂರಬೇಡಿ, ಮೊದಲು ಅದನ್ನೇ ಎತ್ತಿ.