ಪಟ ಬದಲಾಯಿಸಬೇಡಿ, ನಿಂತ ಜಾಗ ಬದಲಾಯಿಸಿ

ಮಡಿಕೇರಿ ಕಡೆ ತೋಟದ ಮನೆ, ಮಗನಿಗೆ ಮಾಡಿಕೊಟ್ಟ ಗಾಳಿಪಟ ಮರದೆತ್ತರ ಏರೋ ಹೊತ್ತಿಗೆ ಸುತ್ತು ಹೊಡೆದು ಬೀಳುತ್ತೆ, ಕೊಡಗಿನ ಗಾಳಿಯೇ ಸರಿಯಿಲ್ಲ ಅನ್ನಿಸುತ್ತೆ, ದುಡ್ಡು ಹಾಕಿ ಒಳ್ಳೆ ಡೆಲ್ಟಾ ಪಟ (ತ್ರಿಕೋನ ರೆಕ್ಕೆಯದ್ದು) ತರಿಸಲಾ ಅಂತ ಕೇಳಿದ್ದೀರಿ. ತರಿಸಬೇಡಿ. ನಾನು ತರಿಸಿದ್ದೆ.

ನಮ್ಮ ಮನೆಯೂ ಕೊಡಗಿನಲ್ಲೇ, ಸಿದ್ದಾಪುರದ ಹತ್ತಿರ. ಮಗಳು ಬಯಲುಸೀಮೆಯ ಅಜ್ಜಿ ಮನೆಯಲ್ಲಿ ಆಷಾಢದ ಪಟ ನೋಡಿ ಬಂದಿದ್ದಳು, ಇಲ್ಲೂ ಹಾರಿಸಬೇಕು ಅಂತ ಒಂದೇ ಹಠ. ಅಲ್ಲಿ ಪಟ ಏರಿಸೋ ಅದೇ ಮುಂಗಾರು ಗಾಳಿ ನಮ್ಮಲ್ಲಿ ಕಕ್ಕಡದ (ಕೊಡಗಿನ ಜೋರು ಮಳೆಯ ತಿಂಗಳು) ಮಳೆ ಸುರಿಸುತ್ತೆ, ಹೊರಗೆ ಕಾಲಿಡೋಕೂ ಆಗಲ್ಲ. ಅದಕ್ಕೇ ಕಾದು, ನವೆಂಬರ್-ಡಿಸೆಂಬರಿನ ಸುಗ್ಗಿ ಹಬ್ಬ ಹುತ್ತರಿ ಕಳೆದ ಮೇಲೆ ಶುರು ಮಾಡಿದೆವು. ಕಾಲ ಸರಿಯಾಗೇ ಇತ್ತು. ಜಾಗ ಮಾತ್ರ ಕಾಫಿ ಒಣಗಿಸೋ ಕಣ.

ರೊಬಸ್ಟಾ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಕಣ ಖಾಲಿ ಇತ್ತು. ಸಿಮೆಂಟ್ ನೆಲ, ಮುಳ್ಳಿಲ್ಲ, ಕಲ್ಲಿಲ್ಲ, ಮನೆಯಿಂದ ಕರೆದರೆ ಕೇಳುತ್ತೆ. ಆದರೆ ಮೂಡಲ ಬದಿಗೆ ಸಾಲಾಗಿ ಸಿಲ್ವರ್ ಓಕ್ ಮರಗಳು, ಮತ್ತು ಆ ತಿಂಗಳುಗಳಲ್ಲಿ ಗಾಳಿ ಬರೋದು ಹೆಚ್ಚಾಗಿ ಮೂಡಲಿಂದಲೇ. ಮರದ ತುದಿ ಅಲ್ಲಾಡೋದು ನೋಡಿ ಗಾಳಿ ಚೆನ್ನಾಗಿದೆ ಅಂದುಕೊಂಡೆ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನೀವೂ ಇದನ್ನೇ ಮಾಡುತ್ತಿದ್ದೀರಿ ಅಂತ ನನಗೆ ಅನ್ನಿಸುತ್ತಿದೆ.

ಮರದ ಸಾಲು ದಾಟಿದ ಗಾಳಿ ನೇರ ಮುಂದೆ ಹೋಗಲ್ಲ. ಮರದ ಹಿಂದೆ ಮಗುಚಿ ಕೆಳಗಿಳಿಯುತ್ತೆ, ಸುಳಿ ಸುತ್ತುತ್ತೆ, ನೆಲದ ಹತ್ತಿರ ಕೆಲವು ಸಲ ಹಿಂದಕ್ಕೆ, ಮರದ ಕಡೆಗೇ ಬೀಸುತ್ತೆ. ಹೀಗೆ ಕದಡಿದ ಗಾಳಿ ಮರದ ಎತ್ತರದ ಏಳೆಂಟು ಪಟ್ಟು ದೂರ ಇರುತ್ತೆ, ಕೆಲವು ಸಲ ಅದಕ್ಕಿಂತ ಮುಂದಕ್ಕೂ. 60 ಅಡಿ ಮರ ಅಂದರೆ 400 ಅಡಿ ದಾಟಿತು. ಅಷ್ಟು ಉದ್ದದ ಕಣ ಯಾರ ಮನೆಯಲ್ಲಿದೆ? ಪಟ ಕೆಳಗಿರುವಾಗ ಒಂದು ಗಾಳಿ, ಮರದ ತಲೆ ಮಟ್ಟಕ್ಕೆ ಬಂದಾಗ ಇನ್ನೊಂದು ಗಾಳಿ. ಅಲ್ಲೇ ಮಗುಚಿಕೊಳ್ಳುತ್ತೆ, ನೀವು ಬರೆದಿರೋ ಹಾಗೆಯೇ.

ನಾನು ಇದನ್ನು ಪಟದ ದೋಷ ಅಂತ ತಿಳಿದೆ. ಬಾಲಂಗೋಚಿ ಉದ್ದ ಮಾಡಿದೆ, ಭಾರಕ್ಕೆ ಏಳಲೇ ಇಲ್ಲ. ಬಿದಿರು ಕಡ್ಡಿಯನ್ನು ಇನ್ನೂ ತೆಳ್ಳಗೆ ಹೆರೆದೆ, ಮುರಿಯಿತು. ಕೊನೆಗೆ ಡೆಲ್ಟಾ. ಅದು ಕಡಿಮೆ ಗಾಳಿಗೂ ಏಳುತ್ತೆ, ಒಳ್ಳೆ ಪಟವೇ. ಆದರೆ ಸುಳಿಯೊಳಗೇ ಎದ್ದು, ತಿರುಗಿ ಹೋಗಿ ಮರಕ್ಕೆ ನುಗ್ಗಿತು. ದಾರ ಕರಿಮೆಣಸಿನ ಬಳ್ಳಿಗೆ ಸುತ್ತಿಕೊಂಡಿತು, ಎಳೆದಿದ್ದಕ್ಕೆ ಬಳ್ಳಿ ಕಾಯಿ ಸಮೇತ ಮರದಿಂದ ಕಳಚಿ ಬಂತು. (ನಿಮಗೂ ಹೀಗಾದರೆ ಆ ಪಟದ ಆಸೆ ಬಿಟ್ಟುಬಿಡಿ. ಮೆಣಸು ಕೊಯ್ಯೋ ಅಲ್ಯೂಮಿನಿಯಂ ಏಣಿ ತಂದು ಇಳಿಸೋಕೆ ಹೋಗಬೇಡಿ. ಎಲೆಗಳ ಮಧ್ಯೆ ಕರೆಂಟ್ ತಂತಿ ಕಾಣಲ್ಲ, ಆ ಏಣಿ ತಂತಿಗೆ ತಾಗಿ ಕೊಡಗಿನಲ್ಲಿ ಜನ ಸತ್ತಿದ್ದಾರೆ.)

ದುಡ್ಡು, ಬಳ್ಳಿ ಎರಡೂ ಹೋಗಲಿ. "ನಮ್ಮೂರಲ್ಲಿ ಪಟ ಹಾರಲ್ಲ ಅಪ್ಪ" ಅಂತ ಮಗಳು ತೀರ್ಮಾನ ಮಾಡಿಬಿಟ್ಟಳು. ಮುಂದಿನ ವರ್ಷ ಎಷ್ಟು ಕರೆದರೂ ಬರಲಿಲ್ಲ. ನನಗೆ ಇವತ್ತಿಗೂ ನೋವಾಗೋದು ಅದಕ್ಕೆ.

ವಿಷಯ ಹೊಳೆದದ್ದು ಗದ್ದೆಯಲ್ಲಿ. ಯಾರೋ ಕಸಕ್ಕೆ ಬೆಂಕಿ ಹಾಕಿದ್ದರು, ಹೊಗೆ ಒಂದೇ ಓರೆಯಲ್ಲಿ ಹೋಗುತ್ತಿತ್ತು. ನಮ್ಮ ಕಣದಲ್ಲಿ ಬಚ್ಚಲೊಲೆಯ ಹೊಗೆ ಸುತ್ತಿ ಸುತ್ತಿ ಮುಖಕ್ಕೇ ಬರುತ್ತೆ. ಮನೆಗೆ ಹೋಗಿ, ಮೂಲೆಗೆ ಬಿದ್ದಿದ್ದ ಪೇಪರ್ ಪಟವನ್ನೇ ತಂದು ಗದ್ದೆ ನಡುವೆ ನಿಂತು ಬಿಟ್ಟೆ. ಓಡಲಿಲ್ಲ. ದಾರ ಬಿಟ್ಟಷ್ಟೂ ಏರಿತು.

ಹಾಗಾಗಿ ಕೊಡಗಿನ ಗಾಳಿಯೇ ಸರಿಯಿಲ್ಲ ಅನ್ನೋ ನಿಮ್ಮ ಮಾತನ್ನು ನಾನು ಒಪ್ಪಲ್ಲ. ಜನವರಿ, ಫೆಬ್ರವರಿಯಲ್ಲಿ ಕೊಯ್ಲಾದ ಗದ್ದೆಗೆ ಹೋಗಿ. ಬೆಳಿಗ್ಗೆ ಮಂಜು, ಗಾಳಿ ಸತ್ತಿರುತ್ತೆ. ಬಿಸಿಲೇರಿ ಎಲೆಗಳು ಬಿಡದೆ ಅಲ್ಲಾಡೋಕೆ ಶುರುವಾದ ಮೇಲೆ ಹೊರಡಿ. ಗಾಳಿ ಬರೋ ಕಡೆ ಬೆನ್ನು ಮಾಡಿ, ಬೆನ್ನ ಹಿಂದೆ ಬಯಲು ಜಾಸ್ತಿ ಇರೋ ಹಾಗೆ ನಿಲ್ಲಿ. ಮಗ ಪಟ ಹಿಡಿದು ನೂರಡಿ ಆಚೆ ನಿಂತರೆ ಸಾಕು, ಅವನು ಕೈ ಬಿಟ್ಟಾಗ ನೀವು ದಾರ ಎಳೆದುಕೊಳ್ಳಿ. ಮಾಂದಲಪಟ್ಟಿಯಂಥ ಬೆಟ್ಟದ ತುದಿ ಕಲಿಯೋರಿಗೆ ಬೇಡ, ಗಾಳಿ ಒರಟು.

ಅಲ್ಲೂ ಬಿದ್ದರೆ ಆಗ ಪಟ ನೋಡಿ. ಪ್ರತಿ ಸಲ ಒಂದೇ ಕಡೆ ತಿರುಗಿದರೆ ಪಟದ ಎರಡು ಬದಿ ತೂಕ ಸಮ ಇಲ್ಲ. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಆದರೆ ಅನುಮಾನ ಗಾಳಿ ಮೇಲೇ ಇರಲಿ. ಮುಂದೆ ಎಳೆಯುತ್ತೆ, ಮೇಲೇರಲ್ಲ ಅಂದರೆ ಸೂತ್ರದ (ಪಟಕ್ಕೇ ಕಟ್ಟಿರೋ ಜೋಡಿ ದಾರ) ಗಂಟನ್ನು ಅರ್ಧ ಸೆಂಟಿಮೀಟರ್ ಪಟದ ತಲೆ ಕಡೆ ಸರಿಸಿ. ಒಂದೇ ಸಲ ಜಾಸ್ತಿ ಬೇಡ. ಅಡ್ಡ ಕಡ್ಡಿಗೆ ಹಿಂದಿನಿಂದ ದಾರ ಕಟ್ಟಿ ಬಿಲ್ಲಿನಂತೆ ಬಗ್ಗಿಸಿ, ಕಡ್ಡಿ ಉದ್ದದ ಹತ್ತನೇ ಒಂದು ಭಾಗದಷ್ಟು. ವಿಲಿಯಂ ಎಡ್ಡಿ ಅನ್ನೋ ಅಮೆರಿಕದವರು 1890ರ ದಶಕದಲ್ಲಿ ಹೀಗೆ ಬಗ್ಗಿಸಿ ಬಾಲವಿಲ್ಲದೇ ಪಟ ಹಾರಿಸಿದರು, 1894ರಲ್ಲಿ ಅಂಥ ಪಟಗಳು ಹವಾಮಾನ ಅಳೆಯೋ ಉಪಕರಣವನ್ನೇ ಮೇಲಕ್ಕೆ ಹೊತ್ತವು. ನ್ಯೂಸ್‌ಪೇಪರ್, ಬಿದಿರು, ಮೈದಾ ಅಂಟಿನಲ್ಲಿ ನಿಮ್ಮ ಮನೆಯಲ್ಲೇ ಆಗೋ ಕೆಲಸ ಇದು. ದಾರ ಹತ್ತಿಯದ್ದೇ ಇರಲಿ. ನೈಲಾನ್ ಮಾಂಜಾವನ್ನು ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶಕ್ಕೆಲ್ಲ ನಿಷೇಧಿಸಿದೆ, ಹಕ್ಕಿಗಳ ರೆಕ್ಕೆ ಕತ್ತರಿಸೋ ದಾರ ಮಗುವಿನ ಕೈಗೆ ಕೊಡಬೇಡಿ.

ಗದ್ದೆಯವರನ್ನು ಒಂದು ಮಾತು ಕೇಳಿ ಇಳಿಯಿರಿ. ನಿಮ್ಮ ಕಡೆ ಆನೆ ಓಡಾಟ ಇದ್ದರೆ ಸಂಜೆ ಐದಕ್ಕೆಲ್ಲ ದಾರ ಸುತ್ತಿ ಮನೆ ಸೇರಿಕೊಳ್ಳಿ, ಮಗ ಎಷ್ಟೇ ಅತ್ತರೂ.