ಓದುಗರ ಪ್ರಶ್ನೆ: ಎದುರುಮನೆಯ ಬೇಹುಗಾರರು

ಈ ಸಂಚಿಕೆಯ ಪ್ರಶ್ನೆಗಳೆಲ್ಲ ‘ದಿ ಅಮೆರಿಕನ್ಸ್’ ಧಾರಾವಾಹಿಯ ಸುತ್ತಲಿನವು. 2013ರಿಂದ 2018ರವರೆಗೆ ಆರು ಸೀಸನ್, 75 ಕಂತು. ಕಾಲ 1980ರ ದಶಕ. ವಾಷಿಂಗ್ಟನ್ ಪಕ್ಕದ ಬಡಾವಣೆಯಲ್ಲಿ ಟ್ರಾವೆಲ್ ಏಜೆನ್ಸಿ ನಡೆಸುವ ಫಿಲಿಪ್ ಮತ್ತು ಎಲಿಜಬೆತ್ ನಿಜದಲ್ಲಿ ಸೋವಿಯತ್ ಬೇಹುಗಾರಿಕೆ ಸಂಸ್ಥೆ ಕೆಜಿಬಿಯವರು. ಅವರ ಎದುರುಮನೆಗೆ ಬಂದು ಸೇರುವ ಸ್ಟ್ಯಾನ್ ಎಫ್‌ಬಿಐ ಅಧಿಕಾರಿ.

ಪ್ರಶ್ನೆ: ಸ್ಲೀಪರ್ ಏಜೆಂಟ್ ಅಂದರೆ ವರ್ಷಗಟ್ಟಲೆ ತೆಪ್ಪಗಿದ್ದು, ಕರೆ ಬಂದಾಗ ಏಳುವವರಲ್ಲವೇ? ಇವರಿಬ್ಬರು ಒಂದು ವಾರವೂ ಸುಮ್ಮನೆ ಕೂರುವುದಿಲ್ಲವಲ್ಲ? (ದಾವಣಗೆರೆ)

ಸರಿಯಾಗಿಯೇ ಹಿಡಿದಿದ್ದೀರಿ. ಇವರು ‘ಸ್ಲೀಪರ್’ ಅಲ್ಲ, ‘ಇಲ್ಲೀಗಲ್’. ರಾಯಭಾರ ಕಚೇರಿಯ ನೆರಳಿಲ್ಲದೆ, ಬೇರೆ ದೇಶದ ಪ್ರಜೆಯ ಸೋಗಿನಲ್ಲಿ ಬದುಕುವವರು. ಕೆಜಿಬಿಯಲ್ಲಿ ಇವರನ್ನು ನೋಡಿಕೊಳ್ಳುತ್ತಿದ್ದುದು ‘ಡೈರೆಕ್ಟೊರೇಟ್ ಎಸ್’. ಸಿಕ್ಕಿಬಿದ್ದರೆ ರಾಜತಾಂತ್ರಿಕ ರಕ್ಷಣೆಯಿಲ್ಲ, ನೇರ ಜೈಲು. ನೆಲೆಯೂರಲು ವರ್ಷಗಳು ಹಿಡಿಯುತ್ತವೆ ನಿಜ, ಆದರೆ ಮಲಗಿರುವುದಿಲ್ಲ: ಪರಿಚಯ ಬೆಳೆಸುತ್ತಾರೆ, ವರದಿ ಕಳಿಸುತ್ತಾರೆ, ಹಣ ಸಾಗಿಸುತ್ತಾರೆ.

ಧಾರಾವಾಹಿಗೆ ಪ್ರೇರಣೆಯಾದದ್ದು 2010ರ ಜೂನ್ 27ರಂದು ಅಮೆರಿಕದಲ್ಲಿ ರಷ್ಯದ ಹತ್ತು ಏಜೆಂಟರು ಸಿಕ್ಕಿಬಿದ್ದ ಪ್ರಕರಣ. ಅವರಲ್ಲಿ ಯಾರ ಮೇಲೂ ಗೂಢಚರ್ಯೆಯ ಆರೋಪ ಬೀಳಲಿಲ್ಲ. ವಿದೇಶಿ ಸರ್ಕಾರದ ಏಜೆಂಟರೆಂದು ನೋಂದಾಯಿಸದೆ ಕೆಲಸ ಮಾಡಿದ ಸಂಚು, ಕೆಲವರ ಮೇಲೆ ಹಣ ಅಕ್ರಮ ವರ್ಗಾವಣೆಯ ಸಂಚು, ಅಷ್ಟೇ. ಎರಡೇ ವಾರದೊಳಗೆ ವಿಯೆನ್ನಾದಲ್ಲಿ ನಾಲ್ವರ ಬದಲಿಗೆ ಅವರನ್ನು ರಷ್ಯಕ್ಕೆ ಒಪ್ಪಿಸಿದರು. ಸೃಷ್ಟಿಕರ್ತ ಜೋ ವೈಸ್‌ಬರ್ಗ್ ಸ್ವತಃ ಹಿಂದೆ ಸಿಐಎಯಲ್ಲಿದ್ದವರು. ಕಥೆಯನ್ನು ಶೀತಲ ಸಮರದ ಕಾಲಕ್ಕೆ ಒಯ್ದು ಅದಕ್ಕೆ ಬಿಸಿ ತಂದರು.

ಪ್ರಶ್ನೆ: ರೇಡಿಯೊದಲ್ಲಿ ಯಾರೋ ಅಂಕಿಗಳನ್ನು ಓದುತ್ತಾರೆ, ಏಜೆಂಟರು ಬರೆದುಕೊಳ್ಳುತ್ತಾರೆ. ಆ ಅಂಕಿ ಮಾತಾಗುವುದು ಹೇಗೆ? ಎಫ್‌ಬಿಐಗೂ ಅದೇ ರೇಡಿಯೊ ಕೇಳಿಸುವುದಿಲ್ಲವೇ? (ಹುಬ್ಬಳ್ಳಿ)

ಕೇಳಿಸುತ್ತದೆ. ಕೇಳಿಸಿದರೂ ಪ್ರಯೋಜನವಿಲ್ಲ ಎನ್ನುವುದೇ ಇದರ ಸೊಗಸು. ಇದರ ಹೆಸರು ‘ಒನ್ ಟೈಮ್ ಪ್ಯಾಡ್’. ಮಾಸ್ಕೊ ಮತ್ತು ಏಜೆಂಟ್ ಇಬ್ಬರ ಬಳಿಯೂ ಒಂದೇ ತರಹದ ಪುಟ್ಟ ಪುಸ್ತಕ, ಪ್ರತಿ ಪುಟದಲ್ಲೂ ಗೊತ್ತುಗುರಿಯಿಲ್ಲದೆ ಆರಿಸಿದ ಐದೈದು ಅಂಕಿಗಳ ಗುಂಪುಗಳು. ಮೊದಲು ಸಂದೇಶವನ್ನು ಅಕ್ಷರಕ್ಕಿಷ್ಟು ಅಂಕಿ ಎಂಬ ಪಟ್ಟಿಯಿಂದ ಅಂಕಿಯಾಗಿಸುತ್ತಾರೆ. 27418 ಬಂತೆನ್ನಿ. ಪ್ಯಾಡಿನ ಆ ದಿನದ ಗುಂಪು 95360. ಒಂದೊಂದೇ ಅಂಕಿಯನ್ನು ಕೂಡಬೇಕು, ಆದರೆ ‘ಕೈಯಲ್ಲಿ ಒಂದು’ ಇಟ್ಟುಕೊಳ್ಳುವ ಹಾಗಿಲ್ಲ. 2ಕ್ಕೆ 9 ಕೂಡಿದರೆ 11, ಬರೆಯುವುದು 1 ಮಾತ್ರ. 7ಕ್ಕೆ 5 ಕೂಡಿದರೆ 12, ಬರೆಯುವುದು 2. ಹೀಗೆ 12778 ಆಗುತ್ತದೆ. ರೇಡಿಯೊದಲ್ಲಿ ಓದುವುದು ಇದನ್ನು.

ಏಜೆಂಟ್ ಅದರಿಂದ 95360 ಕಳೆಯುತ್ತಾನೆ. 1ರಲ್ಲಿ 9 ಹೋಗದು, ಹಾಗಾಗಿ ಅದನ್ನು 11 ಎಂದುಕೊಂಡು ಕಳೆದು 2 ಬರೆಯುತ್ತಾನೆ. ಪಕ್ಕದ ಅಂಕಿಯನ್ನು ಮಾತ್ರ ಮುಟ್ಟುವುದಿಲ್ಲ. ಮತ್ತೆ 27418. ಪಟ್ಟಿ ನೋಡಿ ಓದಿಕೊಂಡು ಪ್ಯಾಡಿನ ಆ ಹಾಳೆಯನ್ನು ಸುಟ್ಟುಬಿಡಬೇಕು. ಶಾಲೆಯ ಅಭ್ಯಾಸಬಲದಿಂದ ‘ಕೈಯಲ್ಲಿ ಒಂದು’ ಸೇರಿಸಿದರೆ ಪಕ್ಕದ ಅಂಕಿ ಕೆಡುತ್ತದೆ. ಒಂದು ಗುಂಪು ಕೇಳಿಸದೆ ಬಿಟ್ಟುಹೋದರೆ ಅಲ್ಲಿಂದಾಚೆ ಎಲ್ಲವೂ ಕಲಸುಮೇಲೋಗರ. ಅದಕ್ಕೇ ಅನೇಕ ಸ್ಟೇಷನ್‌ಗಳು ಪ್ರತಿ ಗುಂಪನ್ನೂ ಎರಡೆರಡು ಸಲ ಓದುತ್ತವೆ.

ಪ್ಯಾಡನ್ನು ಒಮ್ಮೆ ಮಾತ್ರ ಬಳಸಿದರೆ ಯಾವ ಕಂಪ್ಯೂಟರೂ ಅದನ್ನು ಒಡೆಯಲಾರದು. ಎರಡನೆಯ ಸಲ ಬಳಸಿದಿರೋ, ಕೆಟ್ಟಿರಿ: ಎರಡು ಸಂದೇಶಗಳನ್ನು ಒಂದರಿಂದೊಂದು ಕಳೆದಾಗ ಪ್ಯಾಡಿನ ಅಂಕಿ ತಾನಾಗಿ ಅಳಿಸಿಹೋಗುತ್ತದೆ. ಯುದ್ಧದ ಒತ್ತಡದಲ್ಲಿ ಸೋವಿಯತ್ತರು 1942ರಲ್ಲಿ ಸಾವಿರಾರು ಹಾಳೆಗಳ ನಕಲು ಮುದ್ರಿಸಿಬಿಟ್ಟರು. ಗುಪ್ತಲಿಪಿ ಒಡೆಯುವ ಅಮೆರಿಕದ ‘ವೆನೋನಾ’ ತಂಡ ಅದರ ಜಾಡು ಹಿಡಿದೇ, ಸೋವಿಯತ್ತರಿಗೆ ಗುಟ್ಟು ದಾಟಿಸಿದ ಅಣುವಿಜ್ಞಾನಿ ಕ್ಲೌಸ್ ಫುಕ್ಸ್‌ವರೆಗೆ ತಲುಪಿತು.

ಇನ್ನು ಕೇಳುವವನು ಎಲ್ಲಿದ್ದಾನೆ ಎಂದು ಪತ್ತೆಹಚ್ಚುವುದು ಅಸಾಧ್ಯವೆಂದೇ ಹೇಳಬೇಕು. ಅವನ ಕೈಯಲ್ಲಿರುವುದು ಯಾರ ಮನೆಯಲ್ಲೂ ಇರಬಹುದಾದ ಶಾರ್ಟ್‌ವೇವ್ ರೇಡಿಯೊ. 2010ರವರು ಜೊತೆಗೆ ಲ್ಯಾಪ್‌ಟಾಪ್ ಹಿಡಿದು ಎಡವಿದರು. ಚಿತ್ರಗಳಲ್ಲಿ ಸಂದೇಶ ಅಡಗಿಸುವ ಪ್ರೋಗ್ರಾಂಗೆ 27 ಅಕ್ಷರಗಳ ಪಾಸ್‌ವರ್ಡ್ ಬೇಕಿತ್ತು. ಅಷ್ಟನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಚೀಟಿಯಲ್ಲಿ ಬರೆದಿಟ್ಟಿದ್ದರು. ಗುಟ್ಟಾಗಿ ಮನೆ ಶೋಧಿಸಿದ ಎಫ್‌ಬಿಐಗೆ ಆ ಚೀಟಿಯೇ ಸಿಕ್ಕಿತು.

ಪ್ರಶ್ನೆ: ಇಲ್ಲದ ಹೆಸರಿನಲ್ಲಿ ಅಮೆರಿಕದವರಾಗುವುದು ಅಷ್ಟು ಸುಲಭವಿತ್ತೇ? (ಮಂಗಳೂರು)

ಹೆಸರು ಇಲ್ಲದ್ದಲ್ಲ, ಇದ್ದು ಹೋದದ್ದು. ಚಿಕ್ಕಂದಿನಲ್ಲೇ ತೀರಿಕೊಂಡ ಮಗುವಿನ ಜನನ ಪ್ರಮಾಣಪತ್ರವನ್ನು ಪಡೆಯುತ್ತಿದ್ದರು. ಆಗ ಜನನದ ದಾಖಲೆ ಒಂದು ಕಡೆ, ಮರಣದ್ದು ಇನ್ನೊಂದು ಕಡೆ. ಎರಡನ್ನೂ ತಾಳೆ ನೋಡುವವರಿರಲಿಲ್ಲ. ಪೂರ್ವ ಜರ್ಮನಿಯ ಕೆಜಿಬಿ ಏಜೆಂಟ್ ಆಲ್ಬ್ರೆಕ್ಟ್ ಡಿಟ್ರಿಚ್ 1978ರಲ್ಲಿ ಅಮೆರಿಕಕ್ಕೆ ಬಂದು ನೆಲೆಸಿದ್ದು ಜ್ಯಾಕ್ ಬಾರ್‌ಸ್ಕಿ ಎಂಬ, ಹತ್ತನೇ ವಯಸ್ಸಿಗೆ ತೀರಿಕೊಂಡ ಹುಡುಗನ ಹೆಸರಿನಲ್ಲಿ.

ತೊಡಕು ಬರುವುದು ಆಮೇಲೆ. ಜನನ ಪತ್ರ ಹುಟ್ಟಿದ ದಿನಕ್ಕಷ್ಟೇ ಸಾಕ್ಷಿ; ನಡುವಿನ ಮೂವತ್ತು ವರ್ಷಕ್ಕೆ ಏನಿದೆ? ಸೋಷಿಯಲ್ ಸೆಕ್ಯುರಿಟಿ ಕಾರ್ಡು ಇಷ್ಟು ತಡವೇಕೆ ಎಂಬ ಪ್ರಶ್ನೆಗೆ, ಹೊಲದಲ್ಲಿ ದುಡಿಯುತ್ತಿದ್ದೆ, ಬೇಕಾಗಲಿಲ್ಲ ಎಂದು ಬಾರ್‌ಸ್ಕಿ ದಾಟಿಸಿದರು. ಪಾಸ್‌ಪೋರ್ಟ್ ಕಚೇರಿಯಲ್ಲಿ ಓದಿದ ಹೈಸ್ಕೂಲು ಯಾವುದೆಂದು ಕೇಳಿದಾಗ ಮಾತ್ರ ದಾರಿ ಮುಚ್ಚಿತು. ಸಿಟ್ಟು ಬಂದವರಂತೆ ನಟಿಸಿ ಕಾಗದ ಎತ್ತಿಕೊಂಡು ಹೊರಬಿದ್ದರು. ಧಾರಾವಾಹಿಯಲ್ಲಿ ಎಫ್‌ಬಿಐನವನು ಎದುರುಮನೆಗೆ ಬರುವುದು ಕಾಕತಾಳೀಯ, ಅತಿಯಾಯಿತು ಎನ್ನುವವರಿದ್ದಾರೆ. ಬಾರ್‌ಸ್ಕಿ ಮೇಲೆ ಕಣ್ಣಿಡಲು ಎಫ್‌ಬಿಐ ಪಕ್ಕದ ಮನೆಯನ್ನೇ ಕೊಂಡುಕೊಂಡಿತ್ತು!

ಪ್ರಶ್ನೆ: ವಿಗ್ಗು, ಕೊಲೆ, ಸುಳ್ಳು ಮದುವೆ: ಇವುಗಳಲ್ಲಿ ನಿಜವೆಷ್ಟು? (ಮೈಸೂರು)

ಕೊಲೆಗಳು ಬಹುಮಟ್ಟಿಗೆ ಟೀವಿಗಾಗಿ. ಹದಿನೈದು ವರ್ಷ ಕಷ್ಟಪಟ್ಟು ಕಟ್ಟಿದ ಗುರುತನ್ನು ಒಂದು ಹೆಣಕ್ಕಾಗಿ ಯಾವ ಸಂಸ್ಥೆಯೂ ಸುಲಭಕ್ಕೆ ಪಣಕ್ಕಿಡುವುದಿಲ್ಲ. ವಿಗ್ಗಿನದೂ ಅತಿರೇಕವೇ, ಆದರೂ ನೋಡಲು ಮಜಾ. ಎಫ್‌ಬಿಐ ಕಚೇರಿಯ ಕಾರ್ಯದರ್ಶಿ ಮಾರ್ಥಾಳನ್ನು ಫಿಲಿಪ್ ಸುಳ್ಳು ಹೆಸರಿನಲ್ಲಿ ಮದುವೆಯಾಗುವ, ನಂಬಲಾಗದಂತೆ ಕಾಣುವ ಪ್ರಸಂಗ ಮಾತ್ರ ನಿಜಕ್ಕೆ ಹತ್ತಿರ. ಒಂಟಿ ಕಾರ್ಯದರ್ಶಿಯರಿಗೆ ಪ್ರೀತಿಯ ಬಲೆ ಬೀಸುವುದನ್ನು ಪೂರ್ವ ಜರ್ಮನಿಯ ವಿದೇಶಿ ಬೇಹುಗಾರಿಕೆಯ ಮುಖ್ಯಸ್ಥ ಮಾರ್ಕಸ್ ವೋಲ್ಫ್ ಒಂದು ಪದ್ಧತಿಯನ್ನಾಗಿಯೇ ಮಾಡಿದ್ದರು. ಬಾನ್‌ನಲ್ಲಿ ಪಶ್ಚಿಮ ಜರ್ಮನಿಯ ಅಧ್ಯಕ್ಷರ ಕಚೇರಿಯ ಕಾರ್ಯದರ್ಶಿ ಮಾರ್ಗರೆಟೆ ಹ್ಯೋಕೆ 1985ರಲ್ಲಿ ಬಂಧನಕ್ಕೊಳಗಾದರು; ಅವರ ಪ್ರಿಯಕರ ಕೆಜಿಬಿಯ ಇಲ್ಲೀಗಲ್.

ಪ್ರಶ್ನೆ: ಮಕ್ಕಳಿಗೆ ನಿಜಕ್ಕೂ ಗೊತ್ತಿರುವುದಿಲ್ಲವೇ? (ಪುಣೆ)

ಸ್ಲೊವೇನಿಯದಲ್ಲಿ ಅರ್ಜೆಂಟೀನಾದವರೆಂದು ಹೇಳಿಕೊಂಡು ಆನ್‌ಲೈನ್ ಕಲಾ ಗ್ಯಾಲರಿ ನಡೆಸುತ್ತಿದ್ದ ರಷ್ಯದ ಬೇಹುಗಾರರಾದ ಡುಲ್ಟ್ಸೆವ್ ದಂಪತಿಯನ್ನು 2024ರ ಆಗಸ್ಟ್ 1ರ ಕೈದಿಗಳ ವಿನಿಮಯದಲ್ಲಿ ಬಿಟ್ಟರು. ತಾವು ರಷ್ಯನ್ನರೆಂದು ಮಕ್ಕಳಿಗೆ ತಿಳಿದದ್ದು ಮಾಸ್ಕೊಗೆ ಹೊರಟ ವಿಮಾನದಲ್ಲಿ ಎಂದು ಕ್ರೆಮ್ಲಿನ್ ವಕ್ತಾರರೇ ಹೇಳಿದರು. ಮಕ್ಕಳಿಗೆ ರಷ್ಯನ್ ಬಾರದ ಕಾರಣ ಪುಟಿನ್ ಅವರನ್ನು ಸ್ಪ್ಯಾನಿಷಿನಲ್ಲಿ ಮಾತಾಡಿಸಿದರು. ಮನೆಯಲ್ಲೂ ತಾಯ್ನುಡಿ ಆಡದ ನಿಯಮವನ್ನು ಧಾರಾವಾಹಿ ಸರಿಯಾಗಿ ತೋರಿಸಿದೆ.

ಪ್ರಶ್ನೆ: ಅಂಥ ರೇಡಿಯೊ ಸದ್ದನ್ನು ನಾವೂ ಕೇಳಬಹುದೇ? (ಶಿರಸಿ)

ಶಾರ್ಟ್‌ವೇವ್ ಸೆಟ್ ಇಲ್ಲದಿದ್ದರೂ ಸರಿ. ನೆದರ್ಲೆಂಡ್ಸ್‌ನ ಟ್ವೆಂಟೆ ವಿಶ್ವವಿದ್ಯಾಲಯದ ರಿಸೀವರ್ ಅಂತರ್ಜಾಲದಲ್ಲೇ ಸಿಗುತ್ತದೆ. ಅದರಲ್ಲಿ 4625 ಕಿಲೋಹರ್ಟ್ಸ್‌ಗೆ ತಿರುಗಿಸಿ, ಯುಎಸ್‌ಬಿ (‘ಅಪ್ಪರ್ ಸೈಡ್‌ಬ್ಯಾಂಡ್’ ಎಂಬ ರೇಡಿಯೊ ವಿಧಾನ) ಆರಿಸಿ. ಈ ತರಂಗಾಂತರ ಕತ್ತಲಲ್ಲಿ ದೂರ ಹೋಗುತ್ತದೆ; ಆದ್ದರಿಂದ ಯೂರೋಪಿನ ರಾತ್ರಿಗೆ, ಅಂದರೆ ನಮ್ಮ ನಡುರಾತ್ರಿಯ ಮೇಲೆ, ಪ್ರಯತ್ನಿಸಿ. ಕೇಳಿಸುವುದು ಬಿಟ್ಟುಬಿಟ್ಟು ಬರುವ ‘ಝೂಂ’ ಸದ್ದು, ಅಪರೂಪಕ್ಕೆ ರಷ್ಯನ್ ದನಿ. ಇದು ರಷ್ಯದ ಸೇನೆಯದೆಂದೇ ಬಲ್ಲವರ ಅಂದಾಜು, ಬೇಹುಗಾರರದಲ್ಲ.