ಅರ್ಧ ದಿನ ತೋರಾ, ಅರ್ಧ ದಿನ ಗಣಿತ: ಏಳನೇ ಕ್ಲಾಸಿಗೆ ಇದು ಜಾಸ್ತಿ ಆಯಿತೇ?

ನ್ಯೂ ಜೆರ್ಸಿಯಿಂದ ಓದುಗರೊಬ್ಬರು ಬರೆದಿದ್ದಾರೆ. ಪತ್ರ ಉದ್ದವಿದೆ, ಮುಖ್ಯ ಭಾಗ ಇಷ್ಟು:

“ನಮ್ಮ ಪಕ್ಕದ ಮನೆಯವರು ಯಹೂದಿಗಳು. ಅವರ ಮಗಳು, ನನ್ನ ಮಗಳು ಇಬ್ಬರೂ ಓರಗೆಯವರು, ಏಳನೇ ಕ್ಲಾಸು. ಆ ಹುಡುಗಿ ಯಹೂದಿ ಶಾಲೆಗೆ ಹೋಗುತ್ತಾಳೆ. ಬೆಳಗ್ಗೆ ಏಳೂವರೆಗೆ ಹೊರಟರೆ ಸಂಜೆ ಐದಕ್ಕೆ ಬರುತ್ತಾಳೆ. ಅರ್ಧ ದಿನ ಹೀಬ್ರೂ ಭಾಷೆ, ತೋರಾ ಎಂಬ ಧರ್ಮಗ್ರಂಥ, ಮಿಶ್ನಾ ಎಂಬ ಹಳೆಯ ಕಟ್ಟಳೆಗಳ ಸಂಗ್ರಹ. ಇನ್ನರ್ಧ ದಿನ ನನ್ನ ಮಗಳು ಓದುವ ಗಣಿತ, ವಿಜ್ಞಾನ, ಇತಿಹಾಸವೇ. ಈ ವಯಸ್ಸಿಗೆ ಇಷ್ಟು ಹೊರೆ ಬೇಕಾ? ನಾವು ಮಕ್ಕಳನ್ನು ಭಾನುವಾರ ಬಾಲವಿಹಾರಕ್ಕೆ ಕಳಿಸುತ್ತೇವೆ, ಅಷ್ಟು ಸಾಕಲ್ವಾ? ಧರ್ಮದ ಪಾಠ ಒಂದು ಹೇಳಿ ವಿಜ್ಞಾನ ಇನ್ನೊಂದು ಹೇಳಿದರೆ ಮಗು ಯಾರನ್ನು ನಂಬಬೇಕು? ಸರ್ಕಾರ ಇದಕ್ಕೆಲ್ಲ ಹೇಗೆ ಒಪ್ಪುತ್ತದೆ?”

ಸಂಪಾದಕರ ಉತ್ತರ

ನಮಸ್ಕಾರ. ನೀವು ಕೇಳಿರುವುದನ್ನೇ ಯಹೂದಿ ಮನೆಗಳೊಳಗೆ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಕೇಳುತ್ತಾ ಬಂದಿದ್ದಾರೆ. 1778ರಲ್ಲಿ ಬರ್ಲಿನ್‌ನಲ್ಲಿ ಯಹೂದಿ ಮಕ್ಕಳಿಗೆ ಜರ್ಮನ್ ಭಾಷೆ, ಲೆಕ್ಕ ಕಲಿಸುವ ಶಾಲೆ ತೆರೆದಾಗಿನಿಂದ ಈ ಜಗಳ ನಿಂತಿಲ್ಲ. ಹಾಗಾಗಿ ನಿಮ್ಮ ಪಕ್ಕದ ಮನೆಯವರೂ ಮಗಳನ್ನು ಸುಮ್ನೆ ರೂಢಿ ಅಂತ ಅಲ್ಲಿಗೆ ಕಳಿಸಿರಲಾರರು. ಅಮೆರಿಕದ ಹೆಚ್ಚಿನ ಯಹೂದಿ ಮಕ್ಕಳು ಓದುವುದು ನಿಮ್ಮ ಮಗಳ ಹಾಗೆ ಸರ್ಕಾರಿ ಶಾಲೆಯಲ್ಲೇ. ಇಡೀ ದಿನದ ಯಹೂದಿ ಶಾಲೆ ಖಾಸಗಿ, ಫೀಸು ಮೈ ನಡುಗಿಸುವಷ್ಟು. ಹಲವು ಕಡೆ ಒಂದು ಮಗುವಿಗೆ ವರ್ಷಕ್ಕೆ 20,000 ಡಾಲರ್ ದಾಟುತ್ತದೆ. ಅಷ್ಟು ತೆತ್ತು ಕಳಿಸುವವರು ಯೋಚನೆ ಮಾಡಿಯೇ ಕಳಿಸುತ್ತಾರೆ.

ಎರಡನ್ನೂ ಒಂದೇ ಸೂರಿನಡಿ ಕಲಿಸುವ ಹಟ ಹಳೆಯದು. ತಂದೆ ಮಗನಿಗೆ ತೋರಾ ಕಲಿಸಬೇಕು, ಒಂದು ಕಸುಬನ್ನೂ ಕಲಿಸಬೇಕು ಎಂದು ಮಿಶ್ನಾದ ಮೇಲಿನ ಚರ್ಚೆಗಳ ದೊಡ್ಡ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ಈಜು ಕಲಿಸುವುದನ್ನೂ ಕೆಲವರು ಅದಕ್ಕೆ ಸೇರಿಸಿದ್ದಾರೆ. ಆಧುನಿಕ ಶಾಲೆಯ ರೂಪದಲ್ಲಿ ಇದನ್ನು ಗಟ್ಟಿಯಾಗಿ ನಿಲ್ಲಿಸಿದವರಲ್ಲಿ ಮುಖ್ಯರು ರಬ್ಬಿ (ಯಹೂದಿ ಧರ್ಮಗುರು) ಸ್ಯಾಮ್ಸನ್ ರಾಫೆಲ್ ಹಿರ್ಷ್. ಅವರು 1853ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಶಾಲೆ ತೆರೆದರು. ಅಲ್ಲಿ ಕಟ್ಟುನಿಟ್ಟಿನ ಧಾರ್ಮಿಕ ಓದೂ ಇತ್ತು, ಜರ್ಮನ್ ಸಾಹಿತ್ಯವೂ ವಿಜ್ಞಾನವೂ ಇತ್ತು. ಅಮೆರಿಕದಲ್ಲಿ ಇದೇ ಹಾದಿಯ ಎರಡು ದೊಡ್ಡ ಹೆಸರುಗಳು ನ್ಯೂಯಾರ್ಕ್‌ನ ರಮಾಜ್ ಶಾಲೆ ಮತ್ತು ಬಾಸ್ಟನ್‌ನ ಮೈಮೊನಿಡೀಸ್ ಶಾಲೆ. ಎರಡೂ ಶುರುವಾಗಿದ್ದು 1937ರಲ್ಲಿ.

ಇನ್ನು ಹೊರೆಯ ವಿಷಯ. ಹೌದು, ಹೊರೆ ಇದೆ. ಇದನ್ನು ಮುಚ್ಚಿಟ್ಟು ಮಾತಾಡುವುದು ಮಕ್ಕಳಿಗೆ ಮಾಡುವ ಅನ್ಯಾಯ. ಬೆಳಗಿನ ಪ್ರಾರ್ಥನೆ ಶಾಲೆಯಲ್ಲೇ. ಆಮೇಲೆ ಬಲದಿಂದ ಎಡಕ್ಕೆ ಓದುವ ಭಾಷೆ, ಮಧ್ಯಾಹ್ನ ಎಡದಿಂದ ಬಲಕ್ಕೆ ಓದುವ ಭಾಷೆ. ಎರಡು ಕಡೆಯ ಹೋಂವರ್ಕ್, ಎರಡು ಕಡೆಯ ಟೆಸ್ಟು. ಆದರೆ ಮಕ್ಕಳನ್ನು ನಿಜವಾಗಿ ಬಳಲಿಸುವುದು ಗಂಟೆಗಳ ಲೆಕ್ಕವಲ್ಲ ಎಂದು ನನಗನ್ನಿಸುತ್ತದೆ. ಎಷ್ಟೋ ಶಾಲೆಗಳಲ್ಲಿ ಬೆಳಗಿನ ಮೇಷ್ಟರುಗಳು ಒಂದು ಗುಂಪು, ಮಧ್ಯಾಹ್ನದವರು ಇನ್ನೊಂದು ಗುಂಪು. ಒಬ್ಬರು ಕಾರು ಹತ್ತುವ ಹೊತ್ತಿಗೆ ಇನ್ನೊಬ್ಬರು ಇಳಿಯುತ್ತಾರೆ. ಬೆಳಗ್ಗೆ ಕಲಿತದ್ದಕ್ಕೂ ಮಧ್ಯಾಹ್ನ ಕಲಿತದ್ದಕ್ಕೂ ಏನು ಸಂಬಂಧ ಎಂದು ಇಡೀ ಕಟ್ಟಡದಲ್ಲಿ ಯೋಚಿಸಬೇಕಾದವರು ಮಕ್ಕಳು ಮಾತ್ರ. ದೊಡ್ಡವರು ಮಾಡದೆ ಬಿಟ್ಟ ಕೆಲಸ ಅವರ ತಲೆಗೆ ಬೀಳುತ್ತದೆ. ನನ್ನ ಮಟ್ಟಿಗೆ ಹೊರೆ ಅಂದರೆ ಇದು.

ಈ ಕೆಲಸವನ್ನು ದೊಡ್ಡವರು ಮಾಡಿದರೆ ಹೇಗಿರುತ್ತದೆ? ಒಂದು ಪಾಠವನ್ನೇ ಹತ್ತಿರದಿಂದ ನೋಡೋಣ.

ಏಳನೇ ಕ್ಲಾಸಿನ ಗಣಿತದಲ್ಲಿ ವೃತ್ತದ ಪಾಠ ಬರುತ್ತದೆ. ಸುತ್ತಳತೆಯನ್ನು ವ್ಯಾಸದಿಂದ ಭಾಗಿಸಿದರೆ 3.14, ಅದರ ಮುಂದೆ ಮುಗಿಯದ ಅಂಕಿಗಳು. ಇದೇ ಮಗು ಬೆಳಗಿನ ಕ್ಲಾಸಿನಲ್ಲಿ ಮಿಶ್ನಾದ ‘ಎರುವಿನ್’ ಭಾಗವನ್ನು ಓದುತ್ತಿರಬಹುದು. ಶಬ್ಬಾತ್ ದಿನ, ಅಂದರೆ ಶನಿವಾರದ ವಿಶ್ರಾಂತಿಯ ದಿನ, ಓಣಿಯಲ್ಲಿ ಸಾಮಾನು ಹೊತ್ತು ಓಡಾಡಬೇಕಾದರೆ ಓಣಿಯ ಬಾಯಿಗೆ ಒಂದು ತೊಲೆ ಅಡ್ಡ ಇಡಬೇಕು, ಅದು ಒಂದು ಅಂಗೈ ಅಗಲವಾದರೂ ಇರಬೇಕು ಎಂಬ ಚರ್ಚೆ ಅಲ್ಲಿದೆ. ತೊಲೆ ದುಂಡಗಿದ್ದರೆ? ಸುತ್ತಳತೆ ಮೂರು ಅಂಗೈ ಇದ್ದರೆ ಅಗಲ ಒಂದು ಅಂಗೈ ಎಂದು ಮಿಶ್ನಾ ಹೇಳಿಬಿಡುತ್ತದೆ. ಇದಕ್ಕೆ ಆಧಾರ ಕೇಳಿದರೆ ತಾಲ್ಮುದ್ ತೋರಿಸುವುದು ರಾಜ ಸೊಲೊಮೋನನ ದೇವಾಲಯದ ದೊಡ್ಡ ಕಂಚಿನ ತೊಟ್ಟಿಯನ್ನು. ಅಡ್ಡಗಲ ಹತ್ತು ಮೊಳ, ಸುತ್ತಳತೆ ಮೂವತ್ತು ಮೊಳ ಎಂದು ಬೈಬಲ್‌ನಲ್ಲೇ ಇದೆ.

ಅಂದರೆ ಪೈ ಎಂದರೆ ಬರೀ ಮೂರು! ಚುರುಕಾದ ಮಗು ಕೈ ಎತ್ತದೆ ಇರುತ್ತದಾ? “ಹಾಗಾದರೆ ಮಿಶ್ನಾ ತಪ್ಪಾ?”

ಎರಡು ಗುಂಪುಗಳ ಶಾಲೆಯಲ್ಲಿ ರಬ್ಬಿ “ಅದನ್ನು ಗಣಿತದ ಟೀಚರ್ ಹತ್ತಿರ ಕೇಳು” ಅನ್ನುತ್ತಾರೆ. ಗಣಿತದ ಟೀಚರ್ “ಅದು ನನ್ನ ವಿಷಯ ಅಲ್ಲಮ್ಮಾ” ಅನ್ನುತ್ತಾರೆ. ಪ್ರಶ್ನೆ ಅಲ್ಲಿಗೆ ಸತ್ತಿತು. ಇಬ್ಬರೂ ಮಾತಾಡಿಕೊಂಡಿರುವ ಶಾಲೆಯಲ್ಲಾದರೆ ಅದೇ ಪ್ರಶ್ನೆ ಒಂದು ವಾರದ ಪಾಠವಾಗುತ್ತದೆ. ಮೊದಲು ಲೆಕ್ಕ ಹಾಕಿಸಬಹುದು. ಸುತ್ತಳತೆ ಮೂರು ಅಂಗೈ ಇರುವ ತೊಲೆಯ ನಿಜವಾದ ಅಗಲ 0.955 ಅಂಗೈ. ಬೇಕಾದ್ದಕ್ಕಿಂತ ಶೇಕಡಾ ನಾಲ್ಕೂವರೆಯಷ್ಟು ಕಡಿಮೆ. ಆ ಕೊರತೆ ನಡೆಯುತ್ತದಾ, ನಡೆಯುವುದಿಲ್ಲವಾ? ತೊಲೆಯ ಬದಲು ವಿಮಾನದ ಎಂಜಿನ್ ಭಾಗವಾಗಿದ್ದರೆ? ನಿಯಮ ಮಾಡುವವರು ಜನ ಹಗ್ಗ ಹಿಡಿದು ಅಳೆಯಬಲ್ಲ ಸಂಖ್ಯೆಯನ್ನು ಕೊಡಬೇಕಾ, ಪೂರ್ತಿ ಸರಿಯಾದದ್ದನ್ನು ಕೊಡಬೇಕಾ?

ಆಮೇಲೆ ಮೈಮೊನಿಡೀಸ್ ಬರೆದದ್ದನ್ನು ಓದಿಸಬಹುದು. ಹನ್ನೆರಡನೇ ಶತಮಾನದ ಈ ಪಂಡಿತ, ವೈದ್ಯ, ಇದೇ ಮಿಶ್ನಾಕ್ಕೆ ಅರಬ್ಬಿಯಲ್ಲಿ ಟೀಕೆ ಬರೆದ. ವ್ಯಾಸಕ್ಕೂ ಸುತ್ತಳತೆಗೂ ಇರುವ ಅನುಪಾತವನ್ನು ಪೂರ್ತಿ ನಿಖರವಾಗಿ ತಿಳಿಯಲು ಆಗುವುದೇ ಇಲ್ಲ, ಇದು ನಮ್ಮ ಅಜ್ಞಾನದಿಂದಲ್ಲ, ಆ ಸಂಖ್ಯೆಯ ಗುಣವೇ ಹಾಗೆ ಎನ್ನುತ್ತಾನೆ. ಲೆಕ್ಕಕ್ಕೆ ಹತ್ತಿರದ್ದು ಮೂರು ಮತ್ತು ಏಳನೇ ಒಂದು ಭಾಗ, ಹೇಗೂ ಅಂದಾಜೇ ಆದ್ದರಿಂದ ಹಿರಿಯರು ಪೂರ್ಣ ಸಂಖ್ಯೆ ಹಿಡಿದರು ಎನ್ನುತ್ತಾನೆ. ಪೈ ಅಭಾಗಲಬ್ಧ ಸಂಖ್ಯೆ, ಅಂದರೆ ಯಾವ ಭಿನ್ನರಾಶಿಗೂ ಸರಿಯಾಗಿ ಸಮನಾಗದ ಸಂಖ್ಯೆ, ಎಂದು ಯುರೋಪಿನಲ್ಲಿ ಗಣಿತಜ್ಞ ಲ್ಯಾಂಬರ್ಟ್ ಸಾಧಿಸಿ ತೋರಿಸಿದ್ದು 1761ರಲ್ಲಿ. ಮೈಮೊನಿಡೀಸ್ ಹತ್ತಿರ ಅದಕ್ಕೆ ಪುರಾವೆ ಇರಲಿಲ್ಲ, ಆದರೆ ಅವನ ಅನುಮಾನ ಸರಿಯಾಗಿತ್ತು. ಇದನ್ನು ಓದಿದ ಮಗುವಿಗೆ ಧರ್ಮಗ್ರಂಥವೂ ಅರ್ಥವಾಗುತ್ತದೆ, ಗಣಿತವೂ ಅರ್ಥವಾಗುತ್ತದೆ. ತನ್ನ ಪ್ರಶ್ನೆ ಅಧಿಕಪ್ರಸಂಗವಲ್ಲ, ಎಂಟುನೂರು ವರ್ಷದ ಹಿಂದೆಯೇ ದೊಡ್ಡವರೊಬ್ಬರು ಅದನ್ನು ಎತ್ತಿಕೊಂಡಿದ್ದರು ಎಂದು ತಿಳಿಯುತ್ತದೆ. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಅದು.

ಇನ್ನೊಂದು ಪಾಠ ನಿಮಗೆ ಪರಿಚಿತವೇ. ನಮ್ಮ ಚಾಂದ್ರಮಾನದ ಹಾಗೆ ಅವರದೂ ಚಂದ್ರನ ತಿಂಗಳುಗಳು, ಆದರೆ ಪಾಸ್‌ಓವರ್ ಹಬ್ಬ ವಸಂತದಲ್ಲೇ ಬರಬೇಕು. ಹನ್ನೆರಡು ಚಾಂದ್ರ ತಿಂಗಳಿಗೆ ಸುಮಾರು 354 ದಿನ, ವರ್ಷಕ್ಕೆ ಹನ್ನೊಂದು ದಿನ ಕೊರತೆ. ನಾವು ಅಧಿಕ ಮಾಸ ಸೇರಿಸಿದಂತೆ ಅವರು 19 ವರ್ಷದಲ್ಲಿ ಏಳು ಸಲ ಒಂದು ತಿಂಗಳು ಸೇರಿಸುತ್ತಾರೆ. ನಮ್ಮಲ್ಲಿ ಬೇರೆ ಬೇರೆ ಮಾಸಗಳು ಅಧಿಕವಾಗುತ್ತವೆ, ಅವರಲ್ಲಿ ಯಾವಾಗಲೂ ಅದಾರ್ ತಿಂಗಳೇ ಎರಡಾಗುತ್ತದೆ. 2023ರಲ್ಲಿ ನಮಗೆ ಅಧಿಕ ಶ್ರಾವಣ, 2024ರಲ್ಲಿ ಅವರಿಗೆ ಎರಡು ಅದಾರ್. 2026ರಲ್ಲಿ ನಮಗೆ ಅಧಿಕ ಜ್ಯೇಷ್ಠ, 2027ರಲ್ಲಿ ಅವರಿಗೆ ಮತ್ತೆ ಎರಡು ಅದಾರ್. ಅವರ ಲೆಕ್ಕದಲ್ಲಿ ಒಂದು ತಿಂಗಳೆಂದರೆ 29 ದಿನ, 12 ಗಂಟೆ, 793 ಭಾಗ. ಗಂಟೆಗೆ 1080 ಭಾಗ. ಭಿನ್ನರಾಶಿ ಕಲಿಯುವ ಮಗುವಿಗೆ ಇದಕ್ಕಿಂತ ಒಳ್ಳೆಯ ಲೆಕ್ಕ ಬೇಕಾ?

ಆದರೆ ಎಲ್ಲದಕ್ಕೂ ಧರ್ಮದ ಒಗ್ಗರಣೆ ಹಾಕುವುದನ್ನು ನಾನು ಒಪ್ಪುವುದಿಲ್ಲ. “ಮಾವಿನಹಣ್ಣು” ತೆಗೆದು “ಪಾಸ್‌ಓವರ್ ರೊಟ್ಟಿ” ಹಾಕಿದ ಮಾತ್ರಕ್ಕೆ ಗುಣಾಕಾರದ ಲೆಕ್ಕ ಧಾರ್ಮಿಕವಾಗುವುದಿಲ್ಲ. ಮಕ್ಕಳಿಗೆ ಈ ನಾಟಕ ಬೇಗ ಗೊತ್ತಾಗುತ್ತದೆ. ಆಲ್ಜಿಬ್ರಾ ಬಹುಪಾಲು ಆಲ್ಜಿಬ್ರಾ ಆಗಿಯೇ ಇರಲಿ, ಪ್ರಾರ್ಥನೆ ಪ್ರಾರ್ಥನೆಯಾಗಿಯೇ ಇರಲಿ. ಎಲ್ಲಿ ನಿಜವಾಗಿ ಸೇರುತ್ತವೋ ಅಲ್ಲಿ ಮಾತ್ರ ಸೇರಿಸಿದರೆ ಸಾಕು. 1492 ಅಂಥ ಒಂದು ಜಾಗ. ಮಾರ್ಚ್ 31ರಂದು ಸ್ಪೇನಿನ ರಾಜ ರಾಣಿ ಯಹೂದಿಗಳನ್ನು ದೇಶ ಬಿಟ್ಟು ಓಡಿಸುವ ಆಜ್ಞೆಗೆ ಸಹಿ ಹಾಕಿದರು. ಅದೇ ದಂಪತಿ ಕಳಿಸಿದ ಕೊಲಂಬಸ್ ಆಗಸ್ಟ್ 3ಕ್ಕೆ ಹಡಗು ಹತ್ತಿದ. ಅಮೆರಿಕದ ಇತಿಹಾಸದ ಕ್ಲಾಸಿನಲ್ಲಿ ಒಂದು, ಯಹೂದಿ ಇತಿಹಾಸದ ಕ್ಲಾಸಿನಲ್ಲಿ ಇನ್ನೊಂದು ಅಂತ ಇವನ್ನು ಬೇರೆ ಮಾಡಿ ಕಲಿಸುವುದೇ ಅಸಹಜ.

ಧರ್ಮ ಮತ್ತು ವಿಜ್ಞಾನ ಡಿಕ್ಕಿ ಹೊಡೆದಾಗ? ಪೈ ಸುಲಭದ ಉದಾಹರಣೆ, ಒಪ್ಪುತ್ತೇನೆ. 2025ರ ಸೆಪ್ಟೆಂಬರ್‌ನಲ್ಲಿ ಯಹೂದಿ ಪಂಚಾಂಗದ 5786ನೇ ವರ್ಷ ಶುರುವಾಯಿತು, ಸೃಷ್ಟಿಯಿಂದ ಎಣಿಸಿದ ವರ್ಷ ಅದು. ಭೂವಿಜ್ಞಾನದ ಪಾಠ ಭೂಮಿಗೆ ಸುಮಾರು 450 ಕೋಟಿ ವರ್ಷ ಎನ್ನುತ್ತದೆ. ಕೆಲವು ಕಟ್ಟಾ ಶಾಲೆಗಳು ಆ ಪಾಠವನ್ನೇ ಹಾರಿಸುತ್ತವೆ. ಇದು ತಪ್ಪು ಎಂದು ಸ್ಪಷ್ಟವಾಗಿ ಹೇಳುತ್ತೇನೆ. ಎರಡನ್ನೂ ಕಲಿಸುವ ಶಾಲೆಗಳಲ್ಲಿ ಮಕ್ಕಳ ಕೈಯಲ್ಲಿ ಆಗಲೇ ‘ರಾಶಿ’ ಎಂಬ ಹೆಸರಿನ ಪಂಡಿತನ ಟೀಕೆ ಇರುತ್ತದೆ. ಹನ್ನೊಂದನೇ ಶತಮಾನದ ರಾಶಿ, ಬೈಬಲ್‌ನ ಮೊದಲ ವಾಕ್ಯಕ್ಕೇ ಟೀಕೆ ಬರೆಯುತ್ತಾ, ಈ ವಾಕ್ಯ ಬಂದಿರುವುದು ಸೃಷ್ಟಿಯ ಕ್ರಮವನ್ನು ಕಲಿಸಲಿಕ್ಕಲ್ಲ ಎಂದಿದ್ದಾನೆ. ಎಲ್ಲ ಮಕ್ಕಳಿಗೂ ಅದರಿಂದ ಸಮಾಧಾನವಾಗುತ್ತದೆ ಅಂತಲ್ಲ. ಆದರೆ ಹುಡುಗಿಗೆ ಹನ್ನೆರಡು, ಹುಡುಗನಿಗೆ ಹದಿಮೂರು ತುಂಬಿದಾಗ ಧರ್ಮದ ಕಟ್ಟಳೆಗಳೆಲ್ಲ ಅವರ ಹೆಗಲಿಗೆ ಬರುತ್ತವೆ. ಹೊಣೆ ಹೊರಲು ದೊಡ್ಡವರಾದ ಮಕ್ಕಳು ಪ್ರಶ್ನೆ ಕೇಳಲು ಚಿಕ್ಕವರು ಹೇಗಾಗುತ್ತಾರೆ?

ಭಾನುವಾರದ ತರಗತಿ ಸಾಕಲ್ವಾ ಎಂದಿರಿ. ಯಹೂದಿಗಳಲ್ಲೂ ಭಾನುವಾರದ ಹೀಬ್ರೂ ಶಾಲೆಗಳಿವೆ, ಬಹಳ ಮಕ್ಕಳು ಹೋಗುತ್ತಾರೆ. ನಿಮ್ಮ ಆಯ್ಕೆ ಕಡಿಮೆಯದಲ್ಲ. ಆದರೆ ಅವರು ಕಲಿಸಬೇಕಾದ್ದು ಶ್ಲೋಕ, ಹಬ್ಬದ ಕಥೆಗಳಷ್ಟೇ ಅಲ್ಲ. ತಾಲ್ಮುದ್‌ನ ಒಂದು ಪುಟದಲ್ಲಿ ನಡುವೆ ಮೂಲ, ಒಂದು ಪಕ್ಕ ರಾಶಿ, ಇನ್ನೊಂದು ಪಕ್ಕ ಆಮೇಲಿನವರ ತಕರಾರು. ಇಬ್ಬಿಬ್ಬರು ಮಕ್ಕಳು ಎದುರುಬದುರು ಕೂತು ಜೋರಾಗಿ ವಾದ ಮಾಡುತ್ತಾ ಅದನ್ನು ಬಿಡಿಸಬೇಕು. ವಾರಕ್ಕೆರಡು ಗಂಟೆಯಲ್ಲಿ ಆಗುವ ಕೆಲಸ ಅಲ್ಲ.

ಕೊನೆಯದು ಸರ್ಕಾರದ ವಿಷಯ. ನಿಮ್ಮ ಪಕ್ಕದ ನ್ಯೂಯಾರ್ಕ್ ರಾಜ್ಯದಲ್ಲಿ, ಖಾಸಗಿ ಶಾಲೆಯ ಪಾಠ ಸರ್ಕಾರಿ ಶಾಲೆಯದಕ್ಕೆ ಬಹುಮಟ್ಟಿಗೆ ಸಮನಾಗಿರಬೇಕು ಎಂಬ ಕಾನೂನು 1890ರ ದಶಕದಿಂದಲೇ ಇದೆ. ಹಸಿದಿಕ್ ಎಂಬ ಕಟ್ಟಾ ಸಂಪ್ರದಾಯದ ಯಹೂದಿ ಪಂಗಡಗಳ ಕೆಲವು ಗಂಡುಮಕ್ಕಳ ಶಾಲೆಗಳಲ್ಲಿ ಇಂಗ್ಲಿಷ್, ಗಣಿತಕ್ಕೆ ಸಿಗುವ ಸಮಯ ತೀರಾ ಕಡಿಮೆ ಎಂದು ಅಲ್ಲೇ ಓದಿ ಬಂದವರು ದೂರು ಕೊಟ್ಟರು. 2022ರಲ್ಲಿ ರಾಜ್ಯ ಬಿಗಿಯಾದ ನಿಯಮ ತಂದಿತು, 2025ರಲ್ಲಿ ಬಜೆಟ್ ಜೊತೆ ಬಂದ ತಿದ್ದುಪಡಿ ಅದನ್ನು ಸಡಿಲಿಸಿತು. ಆ ಪಂಗಡಗಳಲ್ಲಿ ಸಾಮಾನ್ಯವಾಗಿ ಹುಡುಗಿಯರಿಗೇ ಇಂಗ್ಲಿಷ್, ಗಣಿತ ಜಾಸ್ತಿ ಸಿಗುತ್ತದೆ. ತಾಲ್ಮುದ್ ಓದುವ ಕಟ್ಟುಪಾಡು ಹುಡುಗರಿಗೆ ಮಾತ್ರ ಎಂದು ಅವರು ನಂಬುವುದರಿಂದ ಹುಡುಗಿಯರ ದಿನದಲ್ಲಿ ಜಾಗ ಉಳಿಯುತ್ತದೆ. ಬಾಸ್ಟನ್‌ನಲ್ಲಿ ಮೈಮೊನಿಡೀಸ್ ಶಾಲೆ ಕಟ್ಟಿದ ರಬ್ಬಿ ಜೋಸೆಫ್ ಸೊಲೊವೆಚಿಕ್ ಹಿಡಿದದ್ದು ಬೇರೆ ದಾರಿ. ಅವರು ಬರ್ಲಿನ್ ವಿಶ್ವವಿದ್ಯಾಲಯದಲ್ಲಿ ತತ್ವಶಾಸ್ತ್ರದ ಡಾಕ್ಟರೇಟ್ ಪಡೆದವರು, ತಾಲ್ಮುದ್ ಪಂಡಿತರ ಮನೆತನದವರು. ಅವರ ಶಾಲೆಯಲ್ಲಿ ಹುಡುಗಿಯರೂ ತಾಲ್ಮುದ್ ಕಲಿತರು, ಹುಡುಗರೂ ವಿಜ್ಞಾನ ಕಲಿತರು.